ಜುನಿಪರ್ ಪ್ರಿನ್ಸಿಪಾಲರು

ಅವರ ಹೆಸರು ಬರೆಯುವುದಿಲ್ಲ. ಸತ್ತವರ ಮೇಲಿನ ಗೌರವದಿಂದಲ್ಲ. ಬದುಕಿದ್ದಾಗ ಅವರಿಗೆ ತಮ್ಮ ಹೆಸರನ್ನು ಅಚ್ಚಿನಲ್ಲಿ ನೋಡುವುದೆಂದರೆ ಬಹಳ ಇಷ್ಟವಿತ್ತು. ಆ ಸಂತೋಷವನ್ನು ನನ್ನ ಕೈಯಿಂದ ಇನ್ನೊಮ್ಮೆ ಕೊಡಲಾರೆ. ಬಹುವಚನವನ್ನು ಮಾತ್ರ ಬಿಡಲಿಕ್ಕೆ ಆಗುತ್ತಿಲ್ಲ. ಹನ್ನೊಂದು ವರ್ಷ ಅವರ ಬಾಗಿಲಲ್ಲಿ ನಿಂತು ಸಾರ್, ಸಾರ್ ಎಂದ ನಾಲಿಗೆ ಅಷ್ಟು ಸುಲಭಕ್ಕೆ ಹೊರಳುವುದಿಲ್ಲ.

ಹೋದ ತಿಂಗಳು ಹಳೆಯ ಸಹೋದ್ಯೋಗಿಯೊಬ್ಬರು ಹರಪನಹಳ್ಳಿಯ ನಮ್ಮ ಮನೆಗೆ ಫೋನ್ ಮಾಡಿ, ಅವರು ಮೈಸೂರಿನಲ್ಲಿ ತೀರಿಕೊಂಡರೆಂದು ತಿಳಿಸಿದರು. ನಾನು ರೊಟ್ಟಿ ಮುರಿಯುತ್ತಿದ್ದೆ. ಪೂರ್ತಿ ಊಟ ಮಾಡಿದೆ, ಮೇಲೆ ಮಜ್ಜಿಗೆಯನ್ನೂ ಕುಡಿದೆ. ಯಾರು ಹೋದರೆಂದು ಹೆಂಡತಿ ಕೇಳಿದಳು. ಗಿಡದ ಸಾರ್ ಎಂದೆ. ಅವಳು, ದುರುಗಮ್ಮನಿಗೆ ಸುದ್ದಿ ಮುಟ್ಟಿತೋ ಇಲ್ಲವೋ ಎಂದಳು. ನಮ್ಮ ಮನೆಯಲ್ಲಿ ಅವರ ಮಾತು ಬಂದಾಗಲೆಲ್ಲ ಬೆನ್ನಿಗೇ ಬರುವ ಹೆಸರು ಅದು.

ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ರಸ್ತೆಯ ಪಕ್ಕದಲ್ಲಿ ಆಗ, ಪ್ರಾಥಮಿಕ ಶಾಲೆಯ ಮೇಷ್ಟ್ರಾಗುವವರಿಗೆ ಎರಡು ವರ್ಷ ತರಬೇತಿ ಕೊಡುವ ಒಂದು ಸಂಸ್ಥೆ ಇತ್ತು. ಈಗ ಇಲ್ಲ. ನಾನು ಅಲ್ಲಿ ಟೈಪಿಸ್ಟ್ ಗುಮಾಸ್ತ. ತೊಂಬತ್ತರ ದಶಕ ಶುರುವಾಗಿ ಒಂದೆರಡು ವರ್ಷವಾಗಿರಬೇಕು, ಅವರು ನಮ್ಮಲ್ಲಿಗೆ ಪ್ರಿನ್ಸಿಪಾಲರಾಗಿ ಬಂದರು. ಬರಮಾಡಿಕೊಳ್ಳಲು ಬಸ್ ನಿಲ್ದಾಣಕ್ಕೆ ನಾನೇ ಹೋಗಿದ್ದೆ. ಕಿಟಕಿಯ ಪಕ್ಕದಲ್ಲಿ ಅವರು, ಅವರ ಪಕ್ಕದ ಸೀಟಿನಲ್ಲಿ ಒಂದು ಗಿಡದ ಕುಂಡ, ಹಿಂದಿನ ಸೀಟಿನಲ್ಲಿ ಅವರ ಹೆಂಡತಿ. ಬೆಂಗಳೂರಿನಿಂದ ಹಾಗೆಯೇ ಕೂತು ಬಂದಿದ್ದರಂತೆ. ಟ್ರಂಕು ಇಳಿಸಲು ನಾನು ಏಣಿ ಹತ್ತಿದರೆ, ಕೆಳಗಿನಿಂದ ಕೂಗಿ ಮೊದಲು ಕುಂಡ ಹಿಡಿದುಕೊಳ್ಳಿ ಎಂದರು. ನನ್ನ ಹೆಸರು ಕೇಳಿದ್ದು ಮಾರನೆಯ ದಿನ.

ಅದು ಜುನಿಪರ್ ಗಿಡ. ನಮ್ಮ ಕಡೆ ಯಾರೂ ಕಂಡಿರದ್ದು. ಮೊಣಕಾಲೆತ್ತರ, ಹೆಬ್ಬೆರಳು ಗಾತ್ರದ ಕಾಂಡ, ಸೂಜಿಯಂಥ ಚುಚ್ಚುವ ಎಲೆ. ಅದನ್ನು ಕತ್ತರಿಸಿ, ತಂತಿ ಸುತ್ತಿ, ಬಗ್ಗಿಸಿ, ಗೇಣುದ್ದದ ಹಳೆಯ ಮರದ ಹಾಗೆ ಕಾಣಿಸುವಂತೆ ಬೋನ್ಸಾಯ್ ಮಾಡುವುದಾಗಿ ಹೇಳಿದರು. ಜಪಾನಿನಲ್ಲಿ ಇದು ತಪಸ್ಸು ಎಂದರು. ಅವರು ಜಪಾನಿಗೆ ಹೋದವರಲ್ಲ. ಯಾವುದೋ ಇಂಗ್ಲಿಷ್ ಪುಸ್ತಕದ ಜೆರಾಕ್ಸ್ ಹಾಳೆಗಳನ್ನು ಹೊಲಿಸಿ ಇಟ್ಟುಕೊಂಡಿದ್ದರು, ಅಷ್ಟೇ.

ಅವರ ಬಾಯಲ್ಲಿ ಯಾವಾಗಲೂ ಇರುತ್ತಿದ್ದ ಪದ ಸೂಕ್ಷ್ಮ. ನಮ್ಮ ಕಡೆಯವರಿಗೆ ಸೂಕ್ಷ್ಮ ಇಲ್ಲ, ನಮ್ಮ ಅಡುಗೆಯಲ್ಲಿ ಸೂಕ್ಷ್ಮ ಇಲ್ಲ, ನಮ್ಮ ಮಾತಿನಲ್ಲಂತೂ ಹುಡುಕಿದರೂ ಇಲ್ಲ. ಯಾರಾದರೂ ಐತಿ ಎಂದರೆ ಕಿವಿಗೆ ಹುಳ ಹೊಕ್ಕವರ ಹಾಗೆ ಮುಖ ಮಾಡಿ, ಇದೆ ಅನ್ರೀ ಎನ್ನುತ್ತಿದ್ದರು. ಹಾಜರಿ ಪುಸ್ತಕ ಮುಟ್ಟಿದ ಮೇಲೆ ಕೈ ತೊಳೆಯುತ್ತಿದ್ದರು. ಮಗುವಿನ ಮನಸ್ಸು ಅರಳುವ ಬಗೆಯನ್ನು ಕುರಿತು ಪಾಠ ಮಾಡುವಾಗ ಕಣ್ಣು ಅರ್ಧ ಮುಚ್ಚಿರುತ್ತಿತ್ತು. ಪಾಠ ಮುಗಿಸಿ ಬಂದು, ಸಹಿಗಾಗಿ ಎರಡು ತಾಸಿನಿಂದ ನಿಂತ ಹುಡುಗಿಯರನ್ನು ನಾಳೆ ಬನ್ನಿ ಎಂದು ಕಳಿಸುತ್ತಿದ್ದರು. ಹೊಳಲಿನಿಂದಲೋ ಮೈಲಾರದಿಂದಲೋ ಎರಡು ಬಸ್ ಬದಲಿಸಿ ಬಂದವರು ಆ ಹುಡುಗಿಯರು. ಒಳಗೆ ಪ್ರಿನ್ಸಿಪಾಲರು ತಾಮ್ರದ ತಂತಿ ನೀವುತ್ತಾ ಕೂತಿರುವುದು ಕಿಟಕಿಯಿಂದ ಕಾಣುತ್ತಿತ್ತು.

ಬಂದ ಮೊದಲ ಬೇಸಿಗೆಯಲ್ಲೇ ಗಿಡ ಸೊರಗಿತು. ಅವರು ಅದನ್ನು ತಮ್ಮ ಕೋಣೆಯ ಕಿಟಕಿಯಲ್ಲಿಟ್ಟು, ಕಪ್ಪು ಮಣ್ಣು ತುಂಬಿಸಿ, ನೆನಪಾದಾಗಲೆಲ್ಲ ನೀರು ಸುರಿಯುತ್ತಿದ್ದರು. ತುದಿಗಳು ಹಳದಿಯಾದಾಗ ಹಾಳೆಗಳನ್ನು ತಿರುವಿ ಹಾಕಿದರು. ನಮ್ಮ ಊರಿನ ಬಿಸಿಲನ್ನು ಬೈದರು.

ದುರುಗಮ್ಮ ನಮ್ಮಲ್ಲಿ ದಿನಗೂಲಿಯ ಮೇಲೆ ಕಸ ಗುಡಿಸಿ ನೀರು ತುಂಬುತ್ತಿದ್ದ ಹೆಂಗಸು. ಆಗ ಅವಳಿಗೆ ಇಪ್ಪತ್ತೊಂಬತ್ತು. ಗಂಡ ಕುರಿ ಹೊಡೆದುಕೊಂಡು ಅರ್ಧ ವರ್ಷ ಹೊಳೆಯಾಚೆ ಇರುತ್ತಿದ್ದ. ಒಬ್ಬಳು ಮಗಳು. ತವರು ಹಡಗಲಿಯ ಹತ್ತಿರ, ಮಲ್ಲಿಗೆ ಬೆಳೆಯುವ ಮನೆ. ಹುಟ್ಟಿದಾಗಿನಿಂದ ಗಿಡ ಸವರಿ, ಪಾತಿ ಮಾಡಿ ಬೆಳೆದವಳು. ಒಂದು ದಿನ ಕೋಣೆ ಗುಡಿಸಲು ಹೋದವಳು ಕುಂಡದೊಳಗೆ ಬೆರಳಿಟ್ಟು ನೋಡಿ, ಬೇರಿಗೆ ಉಸಿರಿಲ್ಲ ಎಂದಳಂತೆ. ಪ್ರಿನ್ಸಿಪಾಲರಿಗೆ ಆಗ ಬೇರೆ ದಾರಿ ಇರಲಿಲ್ಲ, ಏನಾದರೂ ಮಾಡು ಎಂದರು. ಅವಳು ಹಳ್ಳದ ದಪ್ಪ ಮರಳು ತಂದು, ಜರಡಿ ಹಿಡಿದು ದೂಳು ತೆಗೆದು, ಇಟ್ಟಿಗೆಯ ಚೂರು ಬೆರೆಸಿ ಮಣ್ಣು ಬದಲಿಸಿದಳು. ಕಚೇರಿಯ ಹಿಂದಿನ ಬೇವಿನ ನೆರಳಿನಲ್ಲಿ ಕಲ್ಲಿನ ಮೇಲೆ ಇಟ್ಟಳು. ಬೆಳಗಿನ ಬಿಸಿಲು ತಾಗಬೇಕು, ಮಧ್ಯಾಹ್ನದ್ದು ತಾಗಬಾರದು. ಬೆರಳಿಗೆ ತೇವ ಹತ್ತಿದರೆ ನೀರು ಬೇಡ, ಹತ್ತದಿದ್ದರೆ ಬೇಕು. ಮಳೆ ಬೀಳುವ ಹೊತ್ತಿಗೆ ಗಿಡ ಚಿಗುರಿತು.

ಪ್ರಿನ್ಸಿಪಾಲರು ಒಂದು ನೋಟ್ ಪುಸ್ತಕ ತೆರೆದು ಅದನ್ನೆಲ್ಲ ಬರೆದಿಟ್ಟರು. ಮೇಲೆ ನನ್ನ ಪ್ರಯೋಗಗಳು ಎಂದಿತ್ತು. ಒಳಗೆ ದುರುಗಮ್ಮ ಒಂದೇ ಕಡೆ ಬರುತ್ತಾಳೆ: ಮರಳು ತಂದವಳು ಎಂದು.

ಒಂದು ಮಾತು ಹೇಳದೆ ಹೋದರೆ ನಾನೂ ಅವರಂಥವನೇ ಆಗುತ್ತೇನೆ. ತಂತಿ ಸುತ್ತುವುದರಲ್ಲಿ ಅವರ ಕೈ ಚೆನ್ನಾಗಿತ್ತು. ತಂತಿಯನ್ನು ಬೆಂಕಿಯಲ್ಲಿ ಕಾಯಿಸಿ ಮೆತ್ತಗೆ ಮಾಡಿಕೊಂಡು, ಕಾಂಡದಿಂದ ಕೊಂಬೆಗೆ, ಕೊಂಬೆಯಿಂದ ತುದಿಗೆ ಓರೆಯಾಗಿ ಸುತ್ತುತ್ತ ಹೋಗುತ್ತಿದ್ದರು. ಆಮೇಲೆ ಎರಡು ಹೆಬ್ಬೆರಳು ಒತ್ತಿ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬಗ್ಗಿಸುತ್ತಿದ್ದರು. ಆ ಹೊತ್ತಿನಲ್ಲಿ ಅವರ ಮುಖ ನೋಡಿದರೆ ಒಳ್ಳೆಯ ಮನುಷ್ಯ ಎನ್ನಿಸುತ್ತಿತ್ತು. ತಲೆ ಎತ್ತಿ ನಮ್ಮನ್ನು ಕಂಡ ಕೂಡಲೇ ಆ ಕಳೆ ಹೋಗಿಬಿಡುತ್ತಿತ್ತು.

ಮೂರನೆಯ ವರ್ಷ ಅವರು ಬೇಸಿಗೆ ರಜೆಗೆ ಮೈಸೂರಿಗೆ ಹೋದರು. ಗಿಡಕ್ಕೆ ತಂತಿ ಹಾಗೆಯೇ ಇತ್ತು. ನೀರಿನ ಹೊರತು ಬೇರೇನೂ ಮುಟ್ಟಕೂಡದೆಂದು ಹೇಳಿ ಹೋಗಿದ್ದರು. ಮೂರು ವಾರಕ್ಕೆ ಕೊಂಬೆ ಉಬ್ಬಿ ತಂತಿ ತೊಗಟೆಯೊಳಗೆ ಹೂತುಕೊಳ್ಳತೊಡಗಿತು. ದುರುಗಮ್ಮ ನನ್ನ ಹತ್ತಿರ ಬಂದು ಇಕ್ಕಳ ಕೇಳಿದಳು. ಬಿಚ್ಚಲು ಹೋದರೆ ಕೊಂಬೆ ಮುರಿಯುತ್ತದೆಂದು ಒಂದೊಂದು ಸುತ್ತನ್ನೂ ಕತ್ತರಿಸಿ ಕತ್ತರಿಸಿ ತೆಗೆದಳು. ಇಡೀ ಮಧ್ಯಾಹ್ನ ಹಿಡಿಯಿತು. ರಜೆ ಮುಗಿಸಿ ಬಂದವರು ಅವಳನ್ನು ಎಲ್ಲರೆದುರು ನಿಲ್ಲಿಸಿ ಬೈದರು. ಯಾರನ್ನ ಕೇಳಿ ಮುಟ್ಟಿದೆ ಎಂಬುದೇ ನಾಲ್ಕು ಬಾರಿ. ಒಂದು ವಾರ ಕೆಲಸಕ್ಕೆ ಬರಬೇಡ ಎಂದರು. ಮೂರನೆಯ ದಿನ ಅವರೇ ಹೇಳಿ ಕಳಿಸಿದರು. ಗಿಡದ ತುದಿ ಬಾಡಿತ್ತು.

ಅದೇ ವರ್ಷ ಜಿಲ್ಲೆಯಿಂದ ಅಧಿಕಾರಿಯೊಬ್ಬರು ತಪಾಸಣೆಗೆ ಬಂದಾಗ, ತಂತಿಯನ್ನು ಎಂದೂ ಬಿಚ್ಚಬಾರದು, ಕತ್ತರಿಸಿಯೇ ತೆಗೆಯಬೇಕು, ಇದು ಅನುಭವದಿಂದ ಬರುವ ಸೂಕ್ಷ್ಮ ಎಂದು ಅವರು ವಿವರಿಸುವುದನ್ನು ನಾನು ಫೈಲು ಹಿಡಿದು ನಿಂತು ಕೇಳಿದೆ. ದುರುಗಮ್ಮ ಚಹಾ ತಂದಿಟ್ಟಳು.

ವರ್ಷಗಳು ಹೋದವು. ಗಿಡ ಒಂದು ರೂಪಕ್ಕೆ ಬಂತು. ಕಾಂಡ ಹೆಡೆಯೆತ್ತಿದ ಹಾವಿನಂತೆ ಹೊರಳಿ, ಒಂದು ಕೊಂಬೆ ಕುಂಡದ ಅಂಚು ದಾಟಿ ಕೆಳಗಿಳಿದಿತ್ತು. ಆಗ ಅವರಿಗೆ ಅದಕ್ಕೆ ವಯಸ್ಸಾಗಿ ಕಾಣಬೇಕೆಂಬ ಆಸೆ ಹುಟ್ಟಿತು. ಕಾಂಡದ ಒಂದು ಮಗ್ಗುಲಿನ ತೊಗಟೆ ಸುಲಿದು, ಒಂದು ಕೊಂಬೆಯನ್ನು ಬೇಕೆಂದೇ ಸಾಯಿಸಿ, ಸುಣ್ಣ ಗಂಧಕ ಕುದಿಸಿದ ನೀರು ಹಚ್ಚಿದರು. ಸುಲಿದ ಭಾಗ ಮೂಳೆಯಂತೆ ಬೆಳ್ಳಗಾಯಿತು. ಸಿಡಿಲು ಬಡಿದು ಬದುಕಿ ಉಳಿದ ಮುದಿಮರದ ಹಾಗೆ ಕಂಡಿತು. ಬಂದವರಿಗೆಲ್ಲ ಅವರು ಅದರ ವಯಸ್ಸು ಅರವತ್ತು ಎನ್ನತೊಡಗಿದರು. ತಂದೆಯವರ ಕಾಲದ್ದು ಎಂದೂ ಸೇರಿಸಿದರು.

ಹೊಳಲಿನ ಒಬ್ಬ ಹುಡುಗಿ, ಎರಡನೆಯ ವರ್ಷದವಳು, ನೀವು ಬಂದಾಗ ಇದು ಮೂರು ವರ್ಷದ್ದಿತ್ತಂತಲ್ಲ ಸಾರ್ ಎಂದು ತರಗತಿಯಲ್ಲೇ ಕೇಳಿಬಿಟ್ಟಳು. ನಮ್ಮ ಅಕ್ಕ ಇಲ್ಲೇ ಓದಿದ್ದು, ಅವಳು ಹೇಳಿದಳು ಎಂದಳು. ಅವರು ನಕ್ಕರು. ಆ ವರ್ಷ ಅವಳ ಆಂತರಿಕ ಅಂಕದ ಪಟ್ಟಿಯನ್ನು ನನ್ನಿಂದ ಎರಡು ಬಾರಿ ಟೈಪ್ ಮಾಡಿಸಿದರು. ಎರಡನೆಯ ಪಟ್ಟಿಯಲ್ಲಿ ಅವಳ ಅಂಕ ಮೊದಲಿನದಕ್ಕಿಂತ ಕಡಿಮೆ ಇತ್ತು. ನಾನು ಟೈಪ್ ಮಾಡಿದೆ.

ದಾವಣಗೆರೆಯಲ್ಲಿ ನಡೆದ ಒಂದು ಫಲಪುಷ್ಪ ಪ್ರದರ್ಶನದಲ್ಲಿ ಅದಕ್ಕೆ ಮೊದಲ ಬಹುಮಾನ ಬಂತು. ಹರಪನಹಳ್ಳಿಯ ಮೇಲೆ ಹೋದ ಜೀಪಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳು ದುರುಗಮ್ಮ. ಗುಂಡಿ ಬಂದಾಗಲೆಲ್ಲ ಕುಂಡವನ್ನು ಎತ್ತಿ ಗಾಳಿಯಲ್ಲಿ ಹಿಡಿದಳು. ವೇದಿಕೆಯ ಮೇಲೆ ಪ್ರಿನ್ಸಿಪಾಲರು ಇದು ಏಕಾಂತ ಸಾಧನೆ ಎಂದರು. ಬರಡು ಸೀಮೆಯಲ್ಲಿ, ಯಾರ ನೆರವೂ ಇಲ್ಲದೆ ಎಂದರು. ಅವಳು ಚಪ್ಪರದ ಹೊರಗೆ ನಿಂತು ಮಂಡಕ್ಕಿ ತಿನ್ನುತ್ತಿದ್ದಳು. ಅವಳು ಕೇಳಿಸಿಕೊಂಡಳೋ ಇಲ್ಲವೋ ಗೊತ್ತಿಲ್ಲ. ಹಿಂದಿರುಗುವಾಗ ಗಿಡಕ್ಕೆ ನೀರಾಯಿತೇ ಎಂದಷ್ಟೇ ಕೇಳಿದಳು.

ಇಷ್ಟೇ ಆಗಿದ್ದರೆ ನಾನು ಅವರನ್ನು ಒಬ್ಬ ಜಂಭದ ಮನುಷ್ಯ ಎಂದು ಮರೆತುಬಿಡುತ್ತಿದ್ದೆ.

ನಮ್ಮ ಸಂಸ್ಥೆಯಲ್ಲಿ ಒಂದು ಅಟೆಂಡರ್ ಹುದ್ದೆ ಖಾಲಿ ಇತ್ತು. ವರ್ಷಗಟ್ಟಲೆ ದಿನಗೂಲಿ ಮಾಡಿದವರನ್ನು ಪ್ರಿನ್ಸಿಪಾಲರು ಶಿಫಾರಸು ಮಾಡಿದರೆ ಮೇಲಿನ ಕಚೇರಿಯವರು ಕಾಯಂ ಮಾಡುತ್ತಿದ್ದರು. ವಯಸ್ಸು ನಲವತ್ತು ತುಂಬಿರಬಾರದು, ಅದೊಂದೇ ಷರತ್ತು. ದುರುಗಮ್ಮನಿಗಿಂತ ಹಳಬರು ಯಾರೂ ಇರಲಿಲ್ಲ. ಅವರು ಬಂದ ನಾಲ್ಕನೆಯ ವರ್ಷ ಶಿಫಾರಸು ಪತ್ರ ಟೈಪ್ ಮಾಡಿ ಮೇಜಿನ ಮೇಲಿಟ್ಟೆ. ನೋಡೋಣ ಎಂದರು. ಏಳನೆಯ ವರ್ಷ ಮತ್ತೆ ಟೈಪ್ ಮಾಡಿದೆ. ಕಾಗದ ಸಹಿಯಿಲ್ಲದೆ ಫೈಲಿಗೆ ಬಂತು. ಒಂಬತ್ತನೆಯ ವರ್ಷ ಮೂರನೆಯ ಸಲ ಟೈಪ್ ಮಾಡಿ, ಈ ಬಾರಿ ಬಾಗಿಲು ದೂಡಿ ಒಳಗೆ ಹೋಗಿ ಅವರ ಎದುರಿಗೇ ನಿಂತೆ. ವಯಸ್ಸು ಮೀರುತ್ತಿದೆ ಸಾರ್ ಎಂದೆ.

ಅವರು ಗಿಡದ ತುದಿ ಚಿವುಟುತ್ತಿದ್ದರು. ಕಣ್ಣೆತ್ತದೆ, ಬಹಳ ಸಮಾಧಾನದಿಂದ ಹೇಳಿದರು:

"ಯೋಚನೆ ಮಾಡಿ ನೋಡ್ರೀ. ಅವಳು ಕಾಯಂ ಆದ್ರೆ ಬೇರೆ ಕಡೆಗೆ ವರ್ಗ ಮಾಡ್ತಾರೆ. ಇದನ್ನ ಯಾರು ನೋಡ್ಕೊಳ್ತಾರೆ? ನಾನು ಹೋಗೋ ದಿನ ಸೈನ್ ಮಾಡಿ ಹೋಗ್ತೀನಿ. ಇಷ್ಟು ವರ್ಷ ಕಾದಿದ್ದಾಳೆ, ಇನ್ನೆರಡು ವರ್ಷ."

ಇಂಥ ಮಾತನ್ನು ಮನುಷ್ಯರು ಮನಸ್ಸಿನಲ್ಲಿ ಅಂದುಕೊಳ್ಳುತ್ತಾರೆ, ಬಾಯಿಬಿಟ್ಟು ಹೇಳುವುದಿಲ್ಲ ಎಂದು ನಾನು ತಿಳಿದಿದ್ದೆ. ಅವರಿಗೆ ಅದರಲ್ಲಿ ಮುಚ್ಚಿಡುವಂಥದ್ದೇನೂ ಕಾಣಲಿಲ್ಲ. ನಾನು ಕಾಗದವನ್ನು ಫೈಲಿಗೆ ಸೇರಿಸಿ ಹೊರಗೆ ಬಂದೆ. ದುರುಗಮ್ಮ ಬಾಗಿಲ ಬಳಿಯೇ ಇದ್ದಳು.

"ನನ್ನ ಕಾಗದ ಹೋತೇನ್ರಿ ಸಾರ್?"

"ಹೋಗೈತಿ" ಎಂದೆ.

ಯಾಕೆ ಹಾಗೆಂದೆನೋ. ಅವಳ ಮುಖ ನೋಡಿ ಇಲ್ಲ ಎನ್ನಲು ಬಾಯಿ ಬರಲಿಲ್ಲ ಎಂದು ಹೆಂಡತಿಗೆ ಹೇಳಿಕೊಂಡಿದ್ದೇನೆ. ಒಂದು ಗಲಾಟೆ ತಪ್ಪಿತು ಎಂಬ ನೆಮ್ಮದಿಯೂ ಇತ್ತು. ಅದನ್ನು ಹೆಂಡತಿಗೆ ಹೇಳಿಲ್ಲ. ದುರುಗಮ್ಮ ಸೆರಗು ಸರಿಮಾಡಿಕೊಂಡು, ದೇವರು ನಿಮ್ಮನ್ನ ಚಲೋ ಇಟ್ಟಿರ್ಲಿ ಎಂದು ಹೇಳಿ ಗಿಡದ ಕಡೆ ಹೋದಳು.

ಅವರು ನಿವೃತ್ತರಾಗುವ ವರ್ಷ ಬಂತು. ಮೇ ಕೊನೆಗೆ ಬೀಳ್ಕೊಡುಗೆ. ಫೆಬ್ರುವರಿಯಲ್ಲೇ ದುರುಗಮ್ಮನಿಗೆ ನಲವತ್ತು ತುಂಬಿತ್ತು. ಅದು ನನಗೆ ಗೊತ್ತಿತ್ತು. ಅವಳ ಜನ್ಮದಿನಾಂಕ ಇದ್ದ ದಾಖಲೆ ನನ್ನ ಕಪಾಟಿನಲ್ಲೇ ಇತ್ತು.

ಏಪ್ರಿಲ್‌ನಲ್ಲಿ ಅವರು ಬೆಂಗಳೂರಿನಿಂದ ನೀಲಿ ಬಣ್ಣದ, ಹೊಳಪಿನ ಪಿಂಗಾಣಿ ಕುಂಡವೊಂದನ್ನು ತರಿಸಿದರು. ಬೀಳ್ಕೊಡುಗೆಯ ದಿನ ಗಿಡ ವೇದಿಕೆಯ ಮೇಲೆ ಅದರಲ್ಲೇ ಇರಬೇಕೆಂದು ಆಸೆ. ದುರುಗಮ್ಮ ಕೈಮುಗಿದು ಬೇಡ ಎಂದಳು.

"ಇಂಥಾ ಬಿಸಲಾಗ ಬೇರು ಬಿಚ್ಚಬಾರ್ದ್ರಿ ಸಾರ್. ಮಲ್ಲಿಗಿನೂ ತಡಕೊಳ್ಳಂಗಿಲ್ಲ. ಮಳಿ ಬೀಳ್ಲಿ."

ಅವರು ಜೆರಾಕ್ಸ್ ಹಾಳೆಗಳ ಕಡೆ ಕೈ ತೋರಿಸಿದರು. ತಾವೇ ಗಿಡ ಕಿತ್ತು, ಪೈಪಿನಿಂದ ನೀರು ಬಿಟ್ಟು ಬೇರು ತೊಳೆದು, ಹೊಸ ಕುಂಡಕ್ಕೆ ಹೊಂದುವಂತೆ ಅರ್ಧಕ್ಕರ್ಧ ಬೇರು ಕತ್ತರಿಸಿ ಕೂರಿಸಿದರು. ನೀಲಿ ಬಣ್ಣ ಮಾಸುತ್ತದೆಂದು ಬೇವಿನ ಕೆಳಗಿಡದೆ ತಮ್ಮ ಕೋಣೆಯೊಳಗೆ ಫ್ಯಾನಿನ ಕೆಳಗಿಟ್ಟರು.

ಮೂರು ವಾರದ ಮೇಲೆ ಒಂದು ಬೆಳಿಗ್ಗೆ ದುರುಗಮ್ಮ ನನ್ನನ್ನು ಕೋಣೆಗೆ ಕರೆದಳು. ಪ್ರಿನ್ಸಿಪಾಲರು ಬಂದಿರಲಿಲ್ಲ. ಕಾಂಡದ ಬುಡದಲ್ಲಿ ಉಗುರಿನಿಂದ ಒಂಚೂರು ಕೆರೆದು ತೋರಿಸಿದಳು. ತೊಗಟೆಯ ಕೆಳಗೆ ಹಸಿರಿರಬೇಕಾದ ಕಡೆ ಕಂದು ಬಣ್ಣದ ಒಣಪುಡಿ.

"ಸತ್ತೈತ್ರಿ. ಈ ಜಾತಿ ಸತ್ತದ್ದು ಲಗೂನ ತೋರ್ಸಂಗಿಲ್ಲ. ಇನ್ನಾ ಒಂದು ತಿಂಗ್ಳು ಹಸ್ರ ಕಾಣ್ತೈತಿ."

ಅವಳ ಕಣ್ಣಲ್ಲಿ ನೀರಿತ್ತು. ಹನ್ನೊಂದು ವರ್ಷ ನೋಡಿಕೊಂಡ ಗಿಡ. ಪ್ರಿನ್ಸಿಪಾಲರಿಗೂ ಹೇಳಿದಳು. ಅವರು ಎಲೆಯ ಕಡೆ ನೋಡಿ, ಕಣ್ಣು ಕಾಣುತ್ತದೋ ಇಲ್ಲವೋ ಎಂದು ಕೇಳಿ, ಶುಭಕಾರ್ಯದ ಮುಂದೆ ಅಪಶಕುನ ಆಡಬೇಡ ಎಂದರು. ಸಮಾರಂಭದ ಹಿಂದಿನ ದಿನ ಎಲೆ ಸ್ವಲ್ಪ ಮಂಕಾಗಿದೆಯೆಂದು ಅವಳ ಕೈಯಿಂದಲೇ ಎಣ್ಣೆ ಸವರಿಸಿದರು.

ಹೀಗೆ ಸತ್ತ ಗಿಡವನ್ನು ವೇದಿಕೆಯ ನಡುವೆ ಸ್ಟೂಲಿನ ಮೇಲಿಟ್ಟು, ಅವರಿಗೊಂದು, ಅದಕ್ಕೊಂದು ಹಾರ ಹಾಕಿ ಬೀಳ್ಕೊಡುಗೆ ನಡೆಯಿತು. ಮಾತನಾಡಿದ ಐವರಲ್ಲಿ ನಾಲ್ವರು ಗಿಡವನ್ನು ಹೊಗಳಿದರು. ಅರವತ್ತು ವರ್ಷದ ಈ ಮರದಂತೆ ಇವರೂ ಸದಾ ಹಸಿರಾಗಿರಲಿ ಎಂದು ಒಬ್ಬರು ಹರಸಿದರು. ಸಭೆಯಲ್ಲಿ ಅದು ಸತ್ತಿದೆಯೆಂದು ಬಲ್ಲವರು ಇಬ್ಬರೇ. ನಾನು ಹಿಂದಿನ ಸಾಲಿನಲ್ಲಿ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಅಷ್ಟು ವರ್ಷಗಳಲ್ಲಿ ಅವರ ಸನ್ನಿಧಿಯಲ್ಲಿ ನಾನು ಸುಖಪಟ್ಟದ್ದು ಅದೊಂದೇ ತಾಸು. ದುರುಗಮ್ಮ ನಗಲಿಲ್ಲ.

ಭಾಷಣ ಮುಗಿದ ಮೇಲೆ ಅವರಿಗೆ ತಮ್ಮ ಮಾತು ನೆನಪಾಯಿತು. ಎಲ್ಲರೆದುರು ನನ್ನನ್ನು ಕರೆದು ಶಿಫಾರಸು ಪತ್ರ ತರಲು ಹೇಳಿದರು. ಆ ವಾರವೇ ನಾಲ್ಕನೆಯ ಬಾರಿ ಟೈಪ್ ಮಾಡಿಟ್ಟಿದ್ದೆ. ಯಾವ ಆಸೆಯಿಂದಲೋ ಗೊತ್ತಿಲ್ಲ. ಅವರು ಪೆನ್ನು ತೆಗೆದು, ಬಡವರ ಕಣ್ಣೀರು ಒರೆಸದ ಅಧಿಕಾರ ಅಧಿಕಾರವಲ್ಲ ಎಂದು ಒಂದು ವಾಕ್ಯ ಹೇಳಿ ದೊಡ್ಡದಾಗಿ ಸಹಿ ಮಾಡಿದರು. ಚಪ್ಪಾಳೆ ಬಿತ್ತು. ದುರುಗಮ್ಮ ವೇದಿಕೆ ಹತ್ತಿ ಅವರ ಪಾದ ಮುಟ್ಟಿದಳು. ನಾಲ್ಕು ತಿಂಗಳ ಹಿಂದೆ ಮಾಡಿದ್ದರೆ ಆ ಸಹಿ ಅವಳ ಬದುಕಾಗುತ್ತಿತ್ತು. ನಾನು ಅಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ.

ಅವರು ನೀಲಿ ಕುಂಡವನ್ನು ಕಾರಿನಲ್ಲಿಟ್ಟುಕೊಂಡು ಮೈಸೂರಿಗೆ ಹೋದರು. ಒಂದು ತಿಂಗಳ ಮೇಲೆ ಮೇಲಿನ ಕಚೇರಿಯಿಂದ ಶಿಫಾರಸು ಪತ್ರ ವಾಪಸು ಬಂತು. ವಯೋಮಿತಿ ಮೀರಿರುವುದರಿಂದ ಪರಿಗಣಿಸಲು ಬರುವುದಿಲ್ಲ. ನಾನು ದುರುಗಮ್ಮನನ್ನು ಕೂರಿಸಿ ಓದಿ ಹೇಳಿದೆ. ಓದಿದ ಮೇಲೆ ಹಿಂದಿನ ಮೂರೂ ಕಾಗದಗಳ ಕಥೆಯನ್ನೂ ಹೇಳಿದೆ. ಅವಳು ನನ್ನ ಟೈಪ್‌ರೈಟರನ್ನು ನೋಡುತ್ತ ಹೇಳಿದಳು:

"ಅವ್ರು ಮಾಡಂಗಿಲ್ಲ ಅಂತ ನನಗ ಅನುಮಾನ ಇತ್ರಿ. ನೀವು ಹೋಗೈತಿ ಅಂದ್ರಿ. ಅದನ್ನ ನಂಬಿದೆ. ಇಲ್ಲಂದಿದ್ರ ಹಡಗಲಿಗೆ ಹೋಗಿ ನಮ್ಮಣ್ಣನ ಕೂಡ ತ್ವಾಟ ಮಾಡ್ತಿದ್ನೆಲ್ರಿ."

ಬೈಯಲಿಲ್ಲ, ದನಿ ಏರಿಸಲಿಲ್ಲ. ತಿಂಗಳು ಮುಗಿಸಿ ತವರಿಗೆ ಹೋಗುತ್ತೇನೆ, ಹೊಸ ಪ್ರಿನ್ಸಿಪಾಲರಿಗೆ ಹೇಳಿಬಿಡಿ ಎಂದಳು. ಪ್ರಿನ್ಸಿಪಾಲರ ಬಗ್ಗೆ ಇಷ್ಟು ಬರೆಯುವ ನಾನು ನನ್ನ ಬಗ್ಗೆ ಬರೆದುಕೊಳ್ಳಬೇಕಾದ್ದು ಇಷ್ಟೇ. ಅನ್ಯಾಯವೆಂದು ಕಾಣದೆ ಅವರು ಮಾಡಿದ್ದನ್ನು ನಾನು ಕಂಡೂ ಮಾಡಿದೆ.

ಅದಾಗಿ ಒಂದು ವಾರಕ್ಕೆ ಫೋನ್ ಬಂತು. ಮೈಸೂರಿನಿಂದ ಅವರೇ. ನನ್ನ ಕ್ಷೇಮ ಕೇಳಲಿಲ್ಲ, ಪತ್ರ ಏನಾಯಿತೆಂದೂ ಕೇಳಲಿಲ್ಲ. ದುರುಗಮ್ಮನನ್ನು ಕರೆಯಿರಿ ಎಂದರು. ದನಿಯಲ್ಲಿ ಗಾಬರಿ ಇತ್ತು. ಎಲೆಯೆಲ್ಲ ಕಂದಾಗಿ ಮುಟ್ಟಿದರೆ ಉದುರುತ್ತಿದೆಯಂತೆ. ಮೈಸೂರಿನ ನರ್ಸರಿಯವರು ಸತ್ತು ಹೋಗಿದೆ ಎನ್ನುತ್ತಾರಂತೆ, ಅವರಿಗೆ ಸೂಕ್ಷ್ಮ ಇಲ್ಲವಂತೆ.

ದುರುಗಮ್ಮ ಸೆರಗಿಗೆ ಕೈ ಒರೆಸಿಕೊಂಡು ರಿಸೀವರ್ ಹಿಡಿದಳು. ಆ ಕಡೆಯ ಮಾತು ನನಗೆ ಕೇಳಿಸಲಿಲ್ಲ. ಅವಳು ಹೂಂ, ಹೂಂ ಎನ್ನುತ್ತ ಪೂರ್ತಿ ಕೇಳಿಸಿಕೊಂಡಳು.

"ಇಲ್ರಿ ಸಾರ್, ಸತ್ತಿಲ್ಲ" ಎಂದಳು. "ಚಿಗಿತೈತಿ. ದಿನಾ ಎಲ್ಡು ಹೊತ್ತು ನೀರು ಹಾಕ್ರಿ, ನೆಳ್ಳಾಗ ಇಡ್ರಿ. ಬ್ಯಾರೆಯವ್ರ ಕೈಗೆ ಕೊಡಬ್ಯಾಡ್ರಿ, ನೀವ ಹಾಕ್ರಿ."

ರಿಸೀವರ್ ಇಟ್ಟಳು. ಹಾಗೇಕೆ ಹೇಳಿದೆ ಎಂದು ಕೇಳಿದೆ.

"ಕಾಯ್ಲಿ ಬಿಡ್ರಿ" ಎಂದು ಹೇಳಿ, ಮೂಲೆಯಲ್ಲಿದ್ದ ಪೊರಕೆ ತೆಗೆದುಕೊಂಡು ಅವರಿದ್ದ ಕೋಣೆಯನ್ನು ಗುಡಿಸಲು ಹೋದಳು.